ನಡುಗೋಡೆಯ ಮೇಲಿನ ದೊಡ್ಡಕೆರೆ

ಆಕಾಶ ಕೆಳಗಿಳಿಯುತ್ತಿರುವುದನ್ನು ಮೊದಲು ಕಂಡವಳು ನೇತ್ರಾವತಿಯೇ. ತುಮಕೂರಿನ ಚಿತ್ರಪ್ರದರ್ಶನದ ಸಭಾಂಗಣದಲ್ಲಿ, ನಡುಗೋಡೆಯ ಮೇಲೆ, ಅವಳು ಬರೆದ ಕುಣಿಗಲ್ ದೊಡ್ಡಕೆರೆ ತೂಗುತ್ತಿತ್ತು. ನೆತ್ತಿಗೆ ನೇರವಾಗಿ ಎರಡು ದೊಡ್ಡ ದೀಪ. ಬೆಳಿಗ್ಗೆ ಕೆರೆಯಾಚೆಯ ಗುಡ್ಡದ ಮೇಲೆ ಮರ್ಯಾದಸ್ಥರ ಮನೆ ಹೆಣ್ಣುಮಗಳಂತೆ ಕೂತಿದ್ದ ಕೇಸರಿ ಮೋಡ ಈಗ ಗುಡ್ಡದ ಹೆಗಲಿಗೆ ಇಳಿದಿತ್ತು. ಅದರ ಬುಡದಲ್ಲಿ ಒಂದು ಹನಿ ಹೊಳೆಯುತ್ತಿತ್ತು, ಜಾರಲೋ ಬೇಡವೋ ಎಂದು ಯೋಚಿಸುತ್ತಿರುವಂತೆ.

ಆ ಮೋಡ ಬರೆದು ತಿಂಗಳ ಮೇಲಾಗಿತ್ತು. ಇಷ್ಟು ಹೊತ್ತಿಗೆ ಆರಿ ಚರ್ಮದಂತೆ ಗಟ್ಟಿಯಾಗಬೇಕಿತ್ತು. ನೇತ್ರಾವತಿ ಅತ್ತಿತ್ತ ನೋಡಿ, ಕಿರುಬೆರಳಿನಿಂದ ಹನಿಯನ್ನು ತೆಗೆದು ಮೂಗಿಗೆ ಹಿಡಿದಳು.

ಕೊಬ್ಬರಿ ಎಣ್ಣೆ.

ಯಾರ ಕೆಲಸ ಎಂದು ಅವಳಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಚೇಳೂರಿನ ಅವರ ಮನೆಯಲ್ಲಿ ಖಾಲಿ ಬಾಟಲಿ ಖಾಲಿಯಾಗಿ ಇದ್ದ ಉದಾಹರಣೆಯೇ ಇಲ್ಲ. ಕೆಮ್ಮಿನ ಔಷಧದ್ದಿರಲಿ, ಜೇನಿನದ್ದಿರಲಿ, ಮೊಮ್ಮಕ್ಕಳ ಜ್ಯೂಸಿನದ್ದಿರಲಿ, ಅತ್ತೆ ಸಿದ್ದಗಂಗಮ್ಮ ತೊಳೆದು, ಬಿಸಿಲಿಗೆ ಬೋರಲು ಹಾಕಿ, ತಮ್ಮ ತೋಟದ ಕೊಬ್ಬರಿ ಎಣ್ಣೆ ತುಂಬಿಟ್ಟುಬಿಡುತ್ತಿದ್ದರು. ಬಂದ ನೆಂಟರು ಬರಿಗೈಲಿ ಹೋಗಬಾರದು. ತುಂಬಿದ ಬಾಟಲಿಯನ್ನು ಎಲ್ಲಿಂದ ತೆಗೆದಿದ್ದರೋ ಅಲ್ಲೇ ಇಡುವುದು ಅವರ ಶಿಸ್ತು. ಬಣ್ಣಕ್ಕೆ ಬೆರೆಸಲೆಂದು ಕಿಟಕಿಯಲ್ಲಿಟ್ಟಿದ್ದ ಅಗಸೆ ಎಣ್ಣೆಯ ಬಾಟಲಿ ಮುಗಿದದ್ದು ಯಾವಾಗ, ತುಂಬಿದ್ದು ಯಾವಾಗ, ನೇತ್ರಾವತಿಗೆ ತಿಳಿಯಲಿಲ್ಲ. ಒಂದು ಬಿಸಿಲು ಮಧ್ಯಾಹ್ನ ಅದನ್ನೇ ಬಗ್ಗಿಸಿಕೊಂಡು ಇಡೀ ಆಕಾಶಕ್ಕೆ ಬೆರೆಸಿದಳು. ವಾಸನೆ ಬರಲಿಲ್ಲವೇ ಎಂದರೆ, ಆ ಮನೆಯಲ್ಲಿ ಕೊಬ್ಬರಿ ಎಣ್ಣೆ ವಾಸನೆಯಲ್ಲ, ಹವಾಮಾನ.

ಅಗಸೆ ಎಣ್ಣೆ ಗಾಳಿಗೆ ಆರಿ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಸೆಕೆಗೆ ಕರಗುತ್ತದೆ, ಆರುವುದು ಮಾತ್ರ ಅದರ ಜಾಯಮಾನದಲ್ಲೇ ಇಲ್ಲ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನೇತ್ರಾವತಿ ಇದನ್ನು ವರ್ಷಾವರ್ಷ ಮಕ್ಕಳಿಗೆ ವಿವರಿಸುತ್ತಲೂ ಇದ್ದಳು. ಆದರೆ ಚಿತ್ರವನ್ನು ಅವಳು ಮುಟ್ಟಿ ನೋಡುತ್ತಿದ್ದುದು ದಿನಾ ಬೆಳಿಗ್ಗೆ, ಬಸ್ಸಿಗೆ ಓಡುವ ಮುಂಚೆ. ಮಾಗಿಯ ಚಳಿಯಲ್ಲಿ ಮೋಡ ಕಲ್ಲಿನಂತಿತ್ತು. ಆರಿದೆ ಎಂದುಕೊಂಡಳು.

ನಲವತ್ತು ದಾಟಿದ ಮೇಲೆ ಕುಂಚ ಹಿಡಿದವಳು ನೇತ್ರಾವತಿ. ಮೊಬೈಲಿನಲ್ಲಿ ನೋಡಿ ಕಲಿತಳು, ಹಿತ್ತಿಲ ಕೋಣೆಯಲ್ಲಿ ಬರೆದಳು. ದೇವರಾಯನದುರ್ಗದ ಬಂಡೆ, ನಿಟ್ಟೂರಿನ ಸ್ಟೇಷನ್ನು, ಅಮಾನಿಕೆರೆಯ ಗಾಜಿನಮನೆ ಎಲ್ಲವೂ ಅವಳ ಕ್ಯಾನ್ವಾಸಿಗೆ ಬಂದವು. ಮೇಡಂ ರಾತ್ರಿ ಹೊತ್ತು ಎಣ್ಣೆ ಹಾಕ್ತಾರೆ ಎಂದು ಸ್ಟಾಫ್‌ರೂಮಿನಲ್ಲಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ನಗದೆ ಇದ್ದವರು ಅತ್ತೆಯೊಬ್ಬರೇ. ಗೋಡೆಗೆ ಬಳಿಯುವ ಬಣ್ಣವನ್ನು ಬಟ್ಟೆಗೆ ಬಳಿಯುವುದು ಯಾವ ಸೀಮೆ ಕೆಲಸ ಎಂದು ಅವರ ತಕರಾರು. ಪ್ರತಿವರ್ಷದ ಪ್ರದರ್ಶನದಲ್ಲಿ ಸೊಸೆಯ ಚಿತ್ರವನ್ನು ಶೌಚಾಲಯಕ್ಕೆ ಹೋಗುವ ಓಣಿಯಲ್ಲಿ ಹಾಕುತ್ತಾರೆಂದು ಕೇಳಿದ ಮೇಲಂತೂ, "ಕಕ್ಕಸಿನ ಪಕ್ಕ ನೇತಾಕೋದ್ನ ನೋಡಕ್ಕೆ ನಾನು ಬಸ್‌ಚಾರ್ಜ್ ಕೊಟ್ಕಂಡ್ ಬರ್ಬೇಕಾ?" ಎಂದು ಮಾತು ಮುಗಿಸಿದ್ದರು.

ಈ ಸಲ ಅವಳು ಕುಣಿಗಲ್ ಕೆರೆಯನ್ನು ಆರಿಸಿಕೊಂಡದ್ದು ಸುಮ್ಮನಲ್ಲ. ಸಿದ್ದಗಂಗಮ್ಮನ ತವರು ಆ ಕೆರೆಯ ಹಿಂದಿನ ಹಳ್ಳಿ. ಮಂಡಿ ಹಿಡಿದುಕೊಂಡ ಮೇಲೆ ಅತ್ತ ಹೋಗಿಯೇ ಇರಲಿಲ್ಲ. ಚಿತ್ರ ನಡುಗೋಡೆಗೆ ಆಯ್ಕೆಯಾಯಿತು ಎಂದಾಗ ಅತ್ತೆ ಒಂದೇ ಪ್ರಶ್ನೆ ಕೇಳಿದರು.

"ತೂಬಿನ ಕಲ್ಲು ಬರ್ದಿದೀಯೇನೇ? ನಾವು ಬಟ್ಟೆ ಒಗೀತಿದ್ದ ಕಲ್ಲು?"

"ಬರ್ದಿದೀನಿ ಅತ್ತೆ."

"ಹಂಗಾರೆ ಬತ್ತೀನಿ."

ಚಿತ್ರದ ಎಡಮೂಲೆಯಲ್ಲಿ, ನೀರಿನ ಅಂಚಿಗೆ, ಆ ಕಲ್ಲು ಕೂತಿತ್ತು. ಮೋಡ ಅದರ ನೇರಕ್ಕೇ ಇಳಿಯುತ್ತಿತ್ತು.

ನೇತ್ರಾವತಿ ಗೋಡೆ ಬದಿಗೆ ಸರಿದು ಸ್ವಿಚ್ಚು ಒತ್ತಿದಳು. ಎರಡೂ ದೀಪ ಆರಿದವು. ದೀಪ ಆರಿದರೆ ಚಿತ್ರವೂ ಆರೀತೆಂಬ ಆಸೆ. ಉಸಿರು ಬಿಡುವಷ್ಟರಲ್ಲಿ ಷಡಕ್ಷರಿ ಬಂದರು.

ಷಡಕ್ಷರಿ ಪ್ರದರ್ಶನದ ಕಾರ್ಯದರ್ಶಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೆಸರಿನಲ್ಲಿ ಆರಕ್ಷರ, ಬಾಯಲ್ಲಿ ಅಕ್ಷರಕ್ಕೆ ಲೆಕ್ಕವಿಲ್ಲ. ಹೋದ ವರ್ಷ ಯಾರದೋ ಹಸಿ ಚಿತ್ರಕ್ಕೆ ಅತಿಥಿಯೊಬ್ಬರ ರೇಷ್ಮೆ ಶಾಲು ತಗುಲಿ, ಶಾಲಿನ ಮೇಲೆ ಒಂದು ತೆಂಗಿನಮರ ಮೂಡಿ, ದೊಡ್ಡ ರಾದ್ಧಾಂತವಾಗಿತ್ತು. ಅಂದಿನಿಂದ ನಿಯಮ ಬಂತು: ಹಸಿ ಚಿತ್ರ ಕಂಡರೆ ಆ ಕ್ಷಣ ಕೆಳಗೆ, ಬರೆದವರಿಗೆ ಮುಂದಿನ ವರ್ಷ ಬಾಗಿಲು ಬಂದ್. ಈ ದಿನ ಬೆಳಿಗ್ಗೆ ಅವರೇ ಎಲ್ಲ ಚಿತ್ರಗಳಿಗೂ ತೋರುಬೆರಳು ಒತ್ತಿ ಪಾಸು ಮಾಡಿದ್ದರು. ಬೆಳಿಗ್ಗೆ ಚಳಿಯಿತ್ತು.

"ಇದೇನ್ ಮೇಡಂ, ನಡುಗೋಡೆಗೇ ಕತ್ಲೆ?"

"ಗ್ಲೇರ್ ಹೊಡೀತಿತ್ತು ಸಾರ್."

"ಕೆರೆ ಅಂದ್ಮೇಲೆ ಗ್ಲೇರ್ ಇರ್ಲೇಬೇಕಲ್ರೀ. ಚೀಫ್ ಗೆಸ್ಟ್ ಇನ್ನೇನು ಬಂದ್ಬಿಡ್ತಾರೆ!" ಎಂದು ಸ್ವಿಚ್ಚು ಹಾಕಿ ಹೋದರು.

ಅವರು ಬೆನ್ನು ತಿರುಗಿಸಿದ ಕೂಡಲೇ ಅವಳು ಆರಿಸಿದಳು. ಮತ್ತೆ ಬಂದರು, ಹಾಕಿದರು. ಅವಳು ಗಂಡ ನಾಗೇಶನಿಗೆ ಫೋನು ಹಚ್ಚಿದಳು.

"ಎಲ್ರೀ ಇದೀರಾ?"

"ಗುಬ್ಬಿ ಗೇಟು. ರೈಲ್ಗೆ ಹಾಕವ್ರೆ. ಅವ್ವ ಬೇರೆ ಇಳ್ದು ಹೂವ ತಗತಾವ್ಳೆ."

"ಹೂವ ಯಾಕ್ರೀ ಈಗ?"

"ತವರಿಗೆ ಬರಿಗೈಲಿ ಹೋಗಕ್ಕಾಯ್ತದಾ ಅಂತವ್ಳೆ. ಯಾಕೇ, ಏನಾಯ್ತು?"

"ಏನಿಲ್ಲ. ಬೇಗ ಬನ್ನಿ." ಏನಾಗಿದೆ ಎಂದು ಹೇಳಿದರೆ ಓಮ್ನಿಯೊಳಗೇ ಅತ್ತೆಗೆ ಗೊತ್ತಾಗುತ್ತದೆ. ಅವರ ಬಾಟಲಿ, ಅವರ ಎಣ್ಣೆ. ಅಲ್ಲಿಂದಲೇ ಗಾಡಿ ತಿರುಗಿಸು ಅನ್ನುವ ಹೆಂಗಸು.

ಅವಳು ತಿರುಗಿದಾಗ ಮೋಡ ಗುಡ್ಡ ಇಳಿದು ನೀರಿಗೆ ಕಾಲಿಟ್ಟಿತ್ತು. ತೈಲಚಿತ್ರ ಸದ್ದಿಲ್ಲದೆ ಚಲನಚಿತ್ರವಾಗುತ್ತಿತ್ತು. ಕರ್ಚೀಫಿನ ತುದಿಯಿಂದ ಹನಿ ಒರೆಸಿದಳು. ಒರೆಸಿದಲ್ಲಿ ಗುಡ್ಡವೂ ಒಂದಿಷ್ಟು ಕರ್ಚೀಫಿಗೆ ಬಂತು. ಇನ್ನು ಮುಟ್ಟುವಂತಿಲ್ಲ. ಸೆರಗು ಹೊದ್ದು ಚಿತ್ರದ ಮುಂದೆಯೇ ನಿಂತಳು, ದೀಪದ ಕಾವು ತನ್ನ ತಲೆಗಾದರೂ ತಗುಲಲಿ ಎಂದು.

ಚೀಫ್ ಗೆಸ್ಟ್ ಬಂದರು. ನಿವೃತ್ತ ಅಧಿಕಾರಿ, ಹೆಗಲ ಮೇಲೆ ಶಾಲು. ನೇತ್ರಾವತಿಯ ಕಣ್ಣೆಲ್ಲ ಆ ಶಾಲಿನ ಮೇಲೆ. ಅವರು ಒಂದು ಹೆಜ್ಜೆ ಮುಂದೆ ಬಂದರೆ ಅವಳೂ ಒಂದು ಹೆಜ್ಜೆ ಅಡ್ಡ ಬಂದಳು.

"ಮೋಡ ನೀರಿಗಿಳೀತಿರೋ ಎಫೆಕ್ಟ್ ಬಹಳ ಚೆನ್ನಾಗಿದೆ. ಹೇಗೆ ಸಾಧಿಸಿದ್ರಿ?"

"ಮನೆಯವರ ಸಹಕಾರ ಸಾರ್" ಎಂದಳು ನೇತ್ರಾವತಿ. ಅವಳ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು, ಮೋಡದಷ್ಟೇ ನಿಧಾನವಾಗಿ.

ಅವರು ಮುಂದಿನ ಚಿತ್ರಕ್ಕೆ ದಾಟಿದರು. ಮೋಡದ ಬಾಲ ತೂಬಿನ ಕಲ್ಲಿಗೆ ಒಂದು ಗೇಣು ದೂರದಲ್ಲಿತ್ತು. ಆಮೇಲೆ ನಾಲ್ಕು ಬೆರಳು. ಆಗ ಬಾಗಿಲಲ್ಲಿ ಊರುಗೋಲಿನ ಸದ್ದು ಕೇಳಿತು.

ಸಿದ್ದಗಂಗಮ್ಮ ಅಕ್ಕಪಕ್ಕದ ಗೋಡೆಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಜನ ದಾರಿ ಬಿಟ್ಟರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸೇವಂತಿಗೆ ಮಾರು. ನಡುಗೋಡೆಯ ಮುಂದೆ ನಿಂತು, ಕತ್ತು ವಾಲಿಸಿ, ಬಹಳ ಹೊತ್ತು ನೋಡಿದರು.

"ಏರಿ ದಾರಿ ಸರ್ಯಾಗೈತೆ. ಕೋಡಿ ಆ ಕಡೀಕೆ ಬರ್ಬೇಕು, ಅದು ಕಾಣಕ್ಕಿಲ್ಲ, ಬುಡು." ಆಮೇಲೆ ದನಿ ಇಳಿಯಿತು. "ಕಲ್ಲೂ ಐತೆ ಕಣೇ. ಒಂದ್ ಮಗ್ಗುಲು ಸವ್ದಿರೋದು ಹೆಂಗ್ ಗೊತ್ತಾಯ್ತು ನಿಂಗೆ?"

"ಹೋಗಿ ನೋಡ್ಕೊಂಡ್ ಬಂದೆ ಅತ್ತೆ. ಇನ್ನೂ ಅಲ್ಲೇ ಇದೆ."

ಮುದುಕಿಯ ಕೈ ಕಲ್ಲಿನತ್ತ ಹೋಯಿತು. ನೇತ್ರಾವತಿ ಈ ಸಲ ಅಡ್ಡ ಬರಲಿಲ್ಲ. ಬೆರಳು ಕಲ್ಲನ್ನು ಮುಟ್ಟುವ ಮುನ್ನ ಮೋಡವೇ ಬೆರಳನ್ನು ಮುಟ್ಟಿತು. ಸಿದ್ದಗಂಗಮ್ಮ ಬೆರಳನ್ನು ಮೂಗಿಗೆ ಹಿಡಿದರು. ಎಣ್ಣೆ ಕೈಗಾದಾಗ ಜೀವಮಾನವಿಡೀ ಏನು ಮಾಡಿದ್ದರೋ ಅದನ್ನೇ ಮಾಡಿದರು: ಮಂಡಿಗೆ ತಿಕ್ಕಿಕೊಂಡರು. ಹಳದಿ ಸೀರೆಯ ಮೇಲೆ ಕುಣಿಗಲ್ಲಿನ ಸಂಜೆ ಮೂಡಿತು.

"ಇದು ನಮ್ ಎಣ್ಣೆ ಕಣೇ!"

ಷಡಕ್ಷರಿ ಅಲ್ಲೇ ಇದ್ದರು. ಸೀರೆ ನೋಡಿದರು, ಚಿತ್ರ ನೋಡಿದರು, ಬೆಳಿಗ್ಗೆ ಪಾಸು ಮಾಡಿದ ತಮ್ಮ ತೋರುಬೆರಳನ್ನೂ ಒಮ್ಮೆ ನೋಡಿಕೊಂಡರು. "ಮೇಡಂ, ಇದು ಹಸಿ!"

"ತಪ್ಪು ನಂದೇ ಸಾರ್" ಎಂದಳು ನೇತ್ರಾವತಿ. "ಬಾಟ್ಲು ನೋಡ್ದೆ ನಾನೇ ಬೆರೆಸ್ಬಿಟ್ಟೆ."

ಸಿದ್ದಗಂಗಮ್ಮ ಸೊಸೆಯ ಮುಖವನ್ನೇ ನೋಡಿದರು. ಕಿಟಕಿಯ ಬಾಟಲಿ ಅವರಿಗೂ ಆಗ ನೆನಪಿಗೆ ಬಂದಿರಬೇಕು. "ಅವ್ಳು ಯಾಕಪ್ಪಾ ಬೆರೆಸ್ತಾಳೆ? ತುಂಬಿಟ್ಟೋಳು ನಾನು. ಬಯ್ಯೋದಿದ್ರೆ ನನ್ನ ಬಯ್ಯಿ."

"ಬಯ್ಯೋ ಮಾತಲ್ಲ ಅಜ್ಜಿ, ರೂಲ್ಸು. ಇಳಿಸ್ಲೇಬೇಕು. ಮುಂದಿನ ವರ್ಷವೂ ಇವ್ರಿಗೆ ಜಾಗ ಇಲ್ಲ."

"ಇಳ್ಸು. ನಾ ನೋಡಿದ್ದಾಯ್ತು." ಕೋಲು ಮೊಳೆಯತ್ತ ಎತ್ತಿದರು. "ಅದ್ರಾಚೆ ವರ್ಷಕ್ಕೆ ಬತ್ತೀವಿ. ಆ ಮೊಳೆ ಮಾತ್ರ ಕೀಳ್ಬ್ಯಾಡ."

ದೊಡ್ಡಕೆರೆ ಕೆಳಗಿಳಿಯಿತು. ನಡುಗೋಡೆಯ ಮೇಲೆ ಮೊಳೆ ಉಳಿಯಿತು, ಅದರ ಮೇಲೆ ಎರಡು ದೀಪ.

ಓಮ್ನಿಯಲ್ಲಿ ಚಿತ್ರವನ್ನು ನಿಲ್ಲಿಸುವಂತಿರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತು, ತೊಡೆಗಳ ಮೇಲೆ ಅಂಗಾತ ಮಲಗಿಸಿ, ಆ ತುದಿ ಇವಳೂ ಈ ತುದಿ ಅವರೂ ಹಿಡಿದರು. ಗಾಡಿ ಗುಬ್ಬಿ ದಾಟಿತು. ಸೇವಂತಿಗೆ ಮಾರು ಸಿದ್ದಗಂಗಮ್ಮನ ಮಡಿಲಲ್ಲೇ ಇತ್ತು. ಅದರಿಂದ ಒಂದು ಎಸಳು ಉದುರಿ ಕೆರೆಗೆ ಬಿದ್ದು ಅಂಟಿಕೊಂಡಿತು. ತೆಗೆಯಲು ಹೋದ ನೇತ್ರಾವತಿಯ ಕೈಯನ್ನು ಅವರು ಮೆಲ್ಲಗೆ ತಳ್ಳಿದರು.

"ಇರ್ಲಿ ಬುಡು."

ಮುಂದೆ ಚೇಳೂರು ರಸ್ತೆಯ ಹಂಪು ಕಾಣಿಸಿತು. ಸಿದ್ದಗಂಗಮ್ಮ ಎರಡೂ ಕೈಯಲ್ಲಿ ಚೌಕಟ್ಟು ಬಿಗಿ ಹಿಡಿದು, ಮುಂದಿನ ಸೀಟಿಗೆ ಬಗ್ಗಿ, ಮಗನ ಕಿವಿಯಲ್ಲಿ ಕೂಗಿದರು:

"ನಿಧಾನಕ್ಕೋಗ್ಲಾ ನಾಗೇಶಾ, ಕೆರೆ ಚೆಲ್ಲೋಯ್ತದೆ!"