ಹಿಡಿದ ಜಾಗದಲ್ಲೇ

ಪೊಲೀಸರು ತಪ್ಪು ಒಪ್ಪಿಕೊಳ್ಳುವುದಿಲ್ಲವೆಂದು ವಾದಿಸಿ ಚರ್ಚಾಸ್ಪರ್ಧೆ ಗೆದ್ದವಳು ನಾನು. ಆ ವಾದವನ್ನು ಕೆಡಿಸಿದವರು ನಮ್ಮೂರಿಗೆ ಬೀಟ್ ಬರುತ್ತಿದ್ದ ಹೆಡ್ ಕಾನ್‌ಸ್ಟೇಬಲ್. ಯಾರನ್ನು ವಿಚಾರಿಸುವಾಗಲೂ ಟೋಪಿ ತೆಗೆದು, "ಮೊದ್ಲು ಕೂತ್ಕೊಳ್ಳಪ್ಪ" ಎನ್ನುವವರು.

ಒಂದು ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಮುಖ ಗುರುತಿಸುವ ಆ್ಯಪ್ ಇದ್ದ ಅವರ ಫೋನು, ವೇಮಗಲ್ ಕಡೆ ಕೆಲಸಕ್ಕೆ ಹೊರಟಿದ್ದ ಕಾರ್ಮಿಕನ ಮುಖವನ್ನು ಯಾವನೋ ಕಳ್ಳನದೆಂದು ತೋರಿಸಿತು. ನಮ್ಮೆಲ್ಲರ ಎದುರೇ ಅವನನ್ನು ಠಾಣೆಗೆ ಕರೆದೊಯ್ದರು. ಅವನು ಕಳ್ಳನಲ್ಲವೆಂದು ಸಂಜೆಗೆ ತಿಳಿಯಿತು. ಬಿಟ್ಟು ಸುಮ್ಮನಾಗಬಹುದಿತ್ತು.

ಮರುದಿನ ಅದೇ ಹೊತ್ತಿಗೆ ಅವನನ್ನು ಅದೇ ಸ್ಟಾಪಿಗೆ ಕರೆತಂದರು.

"ನಿನ್ನೆ ನೋಡಿದೋರೆಲ್ಲಾ ಇದ್ದೀರಲ್ಲ? ಇವನು ಕಳ್ಳ ಅಲ್ಲ. ತಪ್ಪು ನಂದು."

"ತಪ್ಪು ಫೋನಿಂದಲ್ವಾ ಸಾರ್?" ಎಂದು ಕೆಣಕಿದೆ.

"ಫೋನ್ ಹಿಡ್ಕೊಂಡ್ ಹೋಯ್ತಾ ಇವನ್ನ? ಹಿಡ್ಕೊಂಡ್ ಹೋದೋನು ನಾನು ಕಣಮ್ಮ."

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಕಾರ್ಮಿಕ ತಲೆಯೆತ್ತಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ.