ನಾನು ಕಿತ್ತೆಸೆದ ದಾಲ್ಚಿನ್ನಿ ಸಸಿಗಳು

ಮಕ್ಕಳೇ, ನಾನು ಚಿಕ್ಕವನಿದ್ದಾಗ ಅಪ್ಪ ಸರ್ಜಾಪುರದ ಬಳಿ ಒಂದು ನರ್ಸರಿಯಲ್ಲಿ ಸಸಿ ಬೆಳೆಸುತ್ತಿದ್ದರು. ಒಂದು ಬೇಸಿಗೆ ರಜೆಯಲ್ಲಿ, ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು ಕಾಡು ದಾಲ್ಚಿನ್ನಿಯ ಸಸಿ ತರಲು ಘಟ್ಟದ ಮಳೆಕಾಡಿಗೆ ಹೊರಟರು. ಅಕ್ಕನನ್ನೂ ನನ್ನನ್ನೂ ಜೊತೆಗೆ ಕರೆದೊಯ್ದರು.

ಕಾಡಿನೊಳಗೆ ಮಧ್ಯಾಹ್ನವೂ ಮುಸ್ಸಂಜೆಯಂತಿತ್ತು. ಹಳ್ಳದ ದಂಡೆಯ ಕಪ್ಪು ಮಣ್ಣು ಕಾಲಿಗೆ ತಣ್ಣಗೆ ಅಂಟುತ್ತಿತ್ತು. ಅಲ್ಲಿ ದಾಲ್ಚಿನ್ನಿ ಸಸಿಗಳು ಅಂಗೈಗಿಂತ ಅಗಲವಾದ, ತೆಳ್ಳನೆಯ ಎಲೆ ಬಿಟ್ಟಿದ್ದವು. ಅಪ್ಪ ಒಂದು ಎಲೆ ನನ್ನ ಕೈಗಿತ್ತು, ಇಂಥದ್ದನ್ನೇ ಹುಡುಕು ಎಂದರು.

ನಾನು ದಿಬ್ಬ ಹತ್ತಿದೆ. ಅಲ್ಲೊಂದು ದೊಡ್ಡ ಮರ ಉರುಳಿ, ಆಕಾಶ ಕಾಣುತ್ತಿತ್ತು. ಒಣಗಿದ ಕೆಂಪು ಜಲ್ಲಿಮಣ್ಣಿನಲ್ಲಿ ಚಿಕ್ಕ, ದಪ್ಪ ಎಲೆಯ ಗಿಡಗಳಿದ್ದವು. ಇವು ಕಳೆ ಎಂದುಕೊಂಡೆ. ಕಳೆ ಕಿತ್ತರೆ ಅಪ್ಪ ಮೆಚ್ಚುತ್ತಾರೆಂದು ಹತ್ತು ಹನ್ನೆರಡನ್ನು ಬೇರುಸಹಿತ ಕಿತ್ತೆಸೆದೆ.

ಹಿಂದೆಯೇ ಬಂದ ಅಕ್ಕ ಒಂದು ಎಲೆ ಹೊಸಕಿ ನನ್ನ ಮೂಗಿಗೆ ಹಿಡಿದಳು. ಘಮ್ಮೆಂದು ದಾಲ್ಚಿನ್ನಿ ವಾಸನೆ!

"ಅಯ್ಯೋ, ಇದೂ ಅದೇ ಕಣೋ!"

ನನಗೆ ಅಳು ಬಂತು. ಅಪ್ಪ ಬಂದು ನೋಡಿದರು. ಆಮೇಲೆ ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತರು.

"ಹಳ್ಳದತ್ರ ಬೆಳಕು ಕಮ್ಮಿ ಮಗ. ಸಿಕ್ಕಿದ್ದನ್ನ ಹಿಡ್ಕೊಳ್ಳೋಕೆ ಎಲೆ ಅಗಲ ಮಾಡ್ಕೊಂತದೆ. ಇಲ್ಲಿ ಬಿಸಿಲು ಜಾಸ್ತಿ, ಮಣ್ಣಲ್ಲಿ ನೀರು ನಿಲ್ಲಲ್ಲ. ಅದಕ್ಕೇ ಇಂಗೆ ಚಿಕ್ಕ ಎಲೆ, ದಪ್ಪ ಎಲೆ. ಗಿಡ ಒಂದೇ, ಇರೋ ಜಾಗ ಬೇರೆ. ನಮ್ಮೂರ ಬಿಸಿಲಿಗೆ ಬಾಳೋವು ಇವೇ. ಬೇಗ ಆರಿಸ್ಕೊ, ಬೇರು ಒಣಗೋಕ್ ಮುಂಚೆ."

ಅಕ್ಕ ಹಳ್ಳದಿಂದ ಒದ್ದೆ ಪಾಚಿ ತಂದಳು. ಬೇರುಗಳಿಗೆ ಪಾಚಿ ಸುತ್ತಿ ಗೋಣಿಚೀಲದಲ್ಲಿಟ್ಟೆವು. ಬಸ್ಸಿನಲ್ಲಿ ಊರು ಬರುವವರೆಗೂ ಆ ಚೀಲ ನನ್ನ ತೊಡೆಯ ಮೇಲೇ ಇತ್ತು. ನರ್ಸರಿಯಲ್ಲಿ ನೆಟ್ಟು ದಿನಾ ನೀರು ಹಾಕಿದೆ. ಹೆಚ್ಚಿನವು ಸತ್ತವು. ಮಳೆಗಾಲ ಶುರುವಾದಾಗ ಮೂರು ಸಸಿಗಳಲ್ಲಿ ಕೆಂಪು ಚಿಗುರು ಮೂಡಿತು. ಅಪ್ಪನನ್ನು ಕೈಹಿಡಿದು ಎಳೆತಂದು ತೋರಿಸಿದೆ.

ಮಕ್ಕಳೇ, ಗಿಡ ಒಂದೇ, ಇರೋ ಜಾಗ ಬೇರೆ ಎಂದ ಅಪ್ಪನ ಮಾತು ಈಗ ನಿಮ್ಮನ್ನು ನೋಡುವಾಗ ನೆನಪಾಗುತ್ತದೆ. ನನಗೆ ಆಡಲು ರಾಗಿ ಹೊಲವಿತ್ತು. ಚಂದಾಪುರದ ಈ ಮೂರನೇ ಮಹಡಿಯಲ್ಲಿ ನಿಮಗಿರುವುದು ತಾರಸಿ. ಕೆಳಗಿನ ಬಾಡಿಗೆ ಮನೆಗೆ ಯಾದಗಿರಿ ಕಡೆಯಿಂದ ಬಂದ ಮಕ್ಕಳು ಅಲ್ಲಿಗೇ ಆಡಲು ಬರುತ್ತಾರೆ. ಅವರು ನಿಮ್ಮಿಂದ "ಬಾ ಗುರು" ಕಲಿತರು. ನೀವು ಅವರಿಂದ "ಹೌದಲ್ರಿ" ಕಲಿತಿರಿ. ಸಂಜೆ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದರೆ, ಯಾವ ದನಿ ನಮ್ಮ ಮನೆಯದು, ಯಾವುದು ಅವರದು ಎಂದು ನನಗೆ ತಿಳಿಯುವುದೇ ಇಲ್ಲ.