ಅತ್ತೆಗೆ ಕೊಟ್ಟ ವಿಶ್ರಾಂತಿ

ಮೂವತ್ತನೆಯ ವಯಸ್ಸಿನಲ್ಲಿ ನನಗೆ ಮುಪ್ಪಿನ ಬಗ್ಗೆ ಎಲ್ಲವೂ ಗೊತ್ತಿತ್ತು. ಈಗ ಎಪ್ಪತ್ತು ಸಮೀಪಿಸಿದೆ, ಒಂದೊಂದೇ ಮರೆಯುತ್ತಿದ್ದೇನೆ.

ಆಗ ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಾನು ಯಾದಗಿರಿಯ ತಹಸೀಲು ಕಚೇರಿಯಲ್ಲಿ ಗುಮಾಸ್ತ. ನಾಲ್ಕಕ್ಷರ ಉರ್ದು ಬರುತ್ತಿತ್ತು, ತಲೆಯ ಮೇಲೆ ರೂಮಿ ಟೋಪಿ ಇತ್ತು; ಅದರ ಕೆಳಗೆ ಏನಿದೆಯೆಂದು ಯಾರೂ ಕೇಳುತ್ತಿರಲಿಲ್ಲ. ಐವತ್ತೈದಕ್ಕೆ ಸರ್ಕಾರವೇ ವಜೀಫಾ ಎಂಬ ಪಿಂಚಣಿ ಕೊಟ್ಟು ಜನರನ್ನು ಮನೆಗೆ ಕಳಿಸುತ್ತದೆ. ಹಾಗಿರುವಾಗ ಅರವತ್ತೆರಡರ ನನ್ನ ಸೋದರತ್ತೆ ಭೀಮವ್ವ ವಡಗೇರಾದ ಕಡೆ ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದರೆ ನನ್ನ ಮಾನವೇನಾಗಬೇಕು? ಅವಳು ಮಕ್ಕಳಿಲ್ಲದ ವಿಧವೆ. ಗಾಡಿ ಕಟ್ಟಿಸಿಕೊಂಡು ಹೋಗಿ ಕರೆತಂದೆ.

ನಮ್ಮ ಮನೆಯಲ್ಲಿ ಅವಳಿಗೆ ರಾಜೋಪಚಾರ. ಬೀಸುವ ಕಲ್ಲಿನ ಹತ್ತಿರ ಹೋದರೆ ನನ್ನ ಹೆಂಡತಿ “ಕುಂದರ್ರಿ ಅತ್ತಿ” ಎನ್ನುವಳು. ಕೊಡ ಎತ್ತಿದರೆ ನಾನು ಕಸಿದುಕೊಳ್ಳುವೆ. ಹಿಂದಿನವರು ವಾನಪ್ರಸ್ಥವೆಂದು ವಯಸ್ಸಾದವರಿಗೆ ಕಾಡು ತೋರಿಸಿದರು. ಕಾಡಿನಲ್ಲಿ ಒಲೆಗೆ ಕಟ್ಟಿಗೆಯನ್ನಾದರೂ ತಾವೇ ಆರಿಸಬೇಕಿತ್ತು. ನಾನು ಮಲಗುವ ಹೊರಸು ತೋರಿಸಿದೆ. ಎರಡೇ ತಿಂಗಳಲ್ಲಿ ಅತ್ತೆಗೆ ಮೊಣಕಾಲು ಹಿಡಿಯಿತು, ಹಸಿವು ಹೋಯಿತು, ಮಾತೂ ಕಡಿಮೆಯಾಯಿತು. ಹಕೀಮರಿಂದ ಲೇಹ್ಯ ತಂದು, ವಯಸ್ಸಲ್ಲವೇ ಎಂದು ತಲೆಯಾಡಿಸಿದೆವು. ನನ್ನ ಅಂದಾಜು ನಿಜವಾಯಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತೇನೋ.

ಒಂದು ಬೆಳಿಗ್ಗೆ ಹೊರಸು ಖಾಲಿ. ಮೊದಲು ಹಿತ್ತಲ ಬಾವಿಯಲ್ಲಿ ಇಣುಕಿದೆ. ಊರೆಲ್ಲ ಹುಡುಕಿ ಕೊನೆಗೆ ಹೊಳೆಗೆ ಹೋದೆ. ಅತ್ತೆ ಮರಳಿನ ಕುಣಿಯಲ್ಲಿ ನಿಂತು ಗೊಬ್ಬರ ಸುರಿಯುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತವನು ಹರಿಗೋಲಿನ ಸಾಬಣ್ಣ. ಹೆಂಡತಿಯನ್ನು ಕಳೆದುಕೊಂಡವನು, ಅತ್ತೆಗಿಂತ ಮೂರು ವರ್ಷ ದೊಡ್ಡವನು.

“ಹೇಳದ ಬರ್ತಾರೇನು ಅತ್ತಿ? ನಡಿ ಮನಿಗೆ,” ಎಂದೆ.

“ಬರೂದಿಲ್ಲ ತಮ್ಮಾ. ಸಾಬಣ್ಣನ ಕೂಡ ಉಡಕಿ ಮಾಡಿಕೊಳ್ಳಾಕತ್ತೇನಿ.”

ವಿಧವೆಯ ಮರುಮದುವೆಗೆ ನಮ್ಮಲ್ಲಿ ಉಡಕಿ ಎನ್ನುತ್ತಾರೆ. ನಮ್ಮವರಿಗೆ ಅದು ಹೊಸದೇನಲ್ಲ. ಆದರೆ ಅದೆಲ್ಲ ಇಪ್ಪತ್ತೈದರ ಹೆಣ್ಣುಮಕ್ಕಳಿಗೆ!

“ಈ ವಯಸ್ಸಿನಾಗ? ಮಂದಿ ನಗ್ತಾರ!”

“ನಗಲಿ. ಬ್ಯಾಸಗ್ಯಾಗ ಕಲ್ಲಂಗಡಿ ಕೇಳಾಕ ಅವರ ಬರ್ತಾರ.” ಆಮೇಲೆ ಅತ್ತೆ ದನಿ ತಗ್ಗಿಸಿದಳು. “ನೀವು ಛಲೋ ನೋಡಿಕೊಂಡ್ರಿ, ಸುಳ್ಳ ಯಾಕ ಹೇಳ್ಲಿ? ಆದ್ರ ನಿಮ್ಮ ಮನ್ಯಾಗ ಎಲ್ಲಾರೂ ಕುಂದ್ರು ಅಂತಾರ. ಇವ ಒಬ್ಬನ ‘ಬಾ, ಕುಣಿ ತೋಡೂಣು’ ಅಂದ.”

ಸಾಬಣ್ಣ ನನ್ನ ಟೋಪಿಯನ್ನು ನೋಡುತ್ತಾ ಹೇಳಿದ: “ಜಬರದಸ್ತಿ ಏನೂ ಇಲ್ರಿ ಸಾಹೇಬ್ರ. ನಾನೂ ಕೇಳೇನಿ, ಆಕಿನೂ ಕೇಳ್ಯಾಳ.”

ಉಡಕಿಗೆ ಬರಲಾರೆನೆಂದು ಸಿಟ್ಟಿನಿಂದ ಹೇಳಿ ಬಂದವನನ್ನು ಹೆಂಡತಿ ಎಳೆದುಕೊಂಡೇ ಹೋದಳು. ಇಪ್ಪತ್ತು ವರ್ಷ ಬರಿದಾಗಿದ್ದ ಕೈಗೆ ಹಸಿರು ಬಳೆ ಏರಿದ್ದವು. ಅತ್ತೆ ಅವನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದಳು. ನಾನು ಹೊಳೆಯ ಕಡೆ ಮುಖ ಮಾಡಿ, ಕಣ್ಣಿಗೆ ಮರಳು ಬಿತ್ತೆಂದೆ. ಅಂದು ಗಾಳಿಯೇ ಇರಲಿಲ್ಲ.

ಅವರಿಬ್ಬರೂ ಹತ್ತು ಬೇಸಿಗೆ ಕೂಡಿ ಕಲ್ಲಂಗಡಿ ಬೆಳೆದರು. ಅತ್ತೆಯ ಮೊಣಕಾಲು ನೋವು ಮಾಯವಾಯಿತೆಂದರೆ ಸುಳ್ಳಾದೀತು, ಕೊನೆಯವರೆಗೂ ಇತ್ತು. ನೋಯುವ ಕಾಲಲ್ಲೇ ಮರಳು ದಾಟುತ್ತಿದ್ದಳು. ಮುಪ್ಪು ಎಲ್ಲರಿಗೂ ಬರುವಂತೆ ಅವರಿಗೂ ಬಂತು. ಆದರೆ ಅದು ಬಂದಾಗ ಇಬ್ಬರೂ ಮನೆಯಲ್ಲಿರಲಿಲ್ಲ. ಪಾಪ, ಮುಪ್ಪೇ ಹೊಳೆಯವರೆಗೆ ನಡೆದು ಹೋಗಬೇಕಾಯಿತು.